ಬಾಳೆಪಟ್ಟೆಯ ಅಂಚು ಕತ್ತರಿಸುವ ಸಂಗುವಾನ್

“ಅಮ್ಮಾ, ಸಂಗುವಾನ್ ತಾತ ಅಷ್ಟು ಚೆಂದ ಮಾಡಿದ್ದನ್ನೆಲ್ಲ ಸುಟ್ಟುಬಿಡ್ತಾರಲ್ಲ, ತಾತಂಗೆ ಅಳು ಬರಲ್ವಾ?”

ಇದನ್ನು ಕೇಳುವಾಗ ಮೊತ್‌ಳ ಬಾಯಿ ತುಂಬ ಮೊಟ್ಟೆ ಮಿಠಾಯಿ ಇತ್ತು. ಶಾಲೆಯ ಹಾಜರಿಯಲ್ಲಿ ಅವಳಿಗೊಂದು ಉದ್ದನೆಯ ಹೆಸರಿದೆ. ಮನೆಯಲ್ಲಿ ಮಾತ್ರ ಹುಟ್ಟಿದಂದಿನಿಂದ ಮೊತ್, ಅಂದರೆ ಇರುವೆ. ಸಿಹಿ ಎಲ್ಲಿದ್ದರೂ ಮೂಸಿಕೊಂಡು ಹೋಗುವ ಮಗುವಿಗೆ ಬೇರೆ ಹೆಸರು ಹೊಂದುವುದೂ ಇಲ್ಲ. ಹಿಂದಿನ ದಿನ ಅಜ್ಜಿಯ ಕೈಹಿಡಿದು ಬೌದ್ಧ ವಿಹಾರಕ್ಕೆ ಹೋಗಿದ್ದಳು. ದೋಣಿ ರಿಪೇರಿಯ ಮುದುಕನೊಬ್ಬ ತೀರಿಕೊಂಡಿದ್ದ. ಅವನ ಚಿತೆಗೆ ಸಂಗುವಾನ್ ತಾತ ಬಾಳೆಪಟ್ಟೆಯಲ್ಲಿ ಪುಟ್ಟ ಅರಮನೆಯನ್ನೇ ಕೆತ್ತಿ ಕಟ್ಟಿದ್ದ. ಮೂಲೆಮೂಲೆಯ ಕಂಬ, ಪದ್ಮದ ಪಟ್ಟಿ, ಸೂರಿನ ಸುತ್ತ ಹಲ್ಲುಹಲ್ಲಾದ ಅಂಚು, ಅಂಚಿನ ಸಂದಿಯಲ್ಲಿ ಕೆಂಪು ಕಾಗದ. ಸಂಜೆಯ ಹೊತ್ತಿಗೆ ಎಲ್ಲವೂ ಹೊಗೆ.

ಕನಿತ್ತಾ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಳು. “ಗೊತ್ತಿಲ್ಲ ಕಣೇ. ತಾತ ಸಿಕ್ಕಾಗ ನೀನೇ ಕೇಳು” ಅಂದಳು. ಅಂದವಳು ದಾರವನ್ನು ಹಾಗೇ ಬಿಟ್ಟು, ಮಗಳ ಕೈಯಲ್ಲಿದ್ದ ಫೋನನ್ನು ಇಸಿದುಕೊಂಡಳು. ಮೊತ್ ಚಿತೆಯ ಫೋಟೋ ತೆಗೆದಿದ್ದಳು, ಅರ್ಧಕ್ಕೆ ಅವಳ ಬೆರಳೇ ಬಿದ್ದಿತ್ತು. ಉಳಿದರ್ಧದಲ್ಲಿ ಸೂರಿನ ಅಂಚು ಕಾಣುತ್ತಿತ್ತು. ಕನಿತ್ತಾ ಅದನ್ನು ದೊಡ್ಡದು ಮಾಡಿ ನೋಡಿದಳು, ಇನ್ನೂ ದೊಡ್ಡದು ಮಾಡಿ ನೋಡಿದಳು.

ಅವಳಿಗೆ ಅಂಥದೊಂದು ಅಂಚಿನ ಜರೂರು ಇತ್ತು. ಬ್ಯಾಂಕಾಕಿನಲ್ಲಿ ಅರದಕ್ಕನ ಉಡುಪಿನ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದವಳು. ಮೊತ್ ಹುಟ್ಟಿದ ಮೇಲೂ ಹೋದಳು. ಮಗುವನ್ನು ಅವ್ವನ ಹತ್ತಿರ ಬಿಟ್ಟು, ವಾರಕ್ಕೊಮ್ಮೆ ಫೋನಿನಲ್ಲಿ ಮುಖ ನೋಡಿಕೊಂಡು ಬದುಕಿದಳು. ಒಂದು ಸಲ ಊರಿಗೆ ಬಂದಾಗ ಮಗು ಅವಳನ್ನು ನೋಡಿ ಅಜ್ಜಿಯ ಬೆನ್ನಿನ ಹಿಂದೆ ಅಡಗಿಕೊಂಡಿತು. ಅದಾದ ಮೇಲೆ ಕನಿತ್ತಾ ಜ್ವರ, ಮದುವೆ, ಮಳೆ ಎಂದು ಒಂದಲ್ಲ ಒಂದು ನೆಪ ಹೇಳಿ ತನ್ನೂರು ಪೆಚ್ಚಬುರಿಯಲ್ಲೇ ಉಳಿದಿದ್ದಳು. ನೆಪಗಳು ಮುಗಿದಾಗ ಅರದಕ್ಕ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: “ನೋಡು, ಹೊಲಿಯೋರು ಇಲ್ಲೂ ಸಿಕ್ತಾರೆ. ಅಲ್ಲೇ ಕೂತು ಮಾಡ್ತೀನಿ ಅನ್ನೋದಾದ್ರೆ ಅಲ್ಲಿ ಮಾತ್ರ ಆಗೋದು ಏನಾದ್ರೂ ಮಾಡಿ ತೋರ್ಸು. ಸೊಂಗ್‌ಕ್ರಾನ್ ಹಬ್ಬದೊಳಗೆ ಒಂದು ಜಾಕೆಟ್ ಕಳಿಸು. ಸರಿ ಕಂಡ್ರೆ ಅಲ್ಲೇ ಇರು. ಇಲ್ಲಾಂದ್ರೆ ಹಬ್ಬ ಮುಗಿಸ್ಕೊಂಡು ಬಂದು ಮೇಜಿನ ಮುಂದೆ ನಿಂತ್ಕೋ.”

ಮಾತು ಕಟು. ಆದರೆ ಅನ್ಯಾಯದ್ದಲ್ಲ. ಕನಿತ್ತಾಳಿಗೂ ಅದು ಗೊತ್ತಿತ್ತು.

ಅವಳು ಫೋಟೋದ ಅಂಚನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಕೆಳಗಿನ ಮಡಿಕೆಯ ಸುತ್ತ ಇಟ್ಟು ಒಂದು ಜಾಕೆಟ್ ಹೊಲಿದಳು. ಚಿತ್ರ ಕಳಿಸಿದ ಕೂಡಲೇ ಉತ್ತರ ಬಂತು: “ಹಾಸಿಗೆ ಹೊದಿಕೆ ಥರ ಇದೆ.” ಅವ್ವ ಅದಕ್ಕಿಂತ ಮುಂದೆ ಹೋದಳು. ಹೊಸ್ತಿಲಾಚೆ ನಿಂತೇ, “ಚಿತೆ ಮೇಲಿನ ಅಂಚನ್ನ ಮನೆಯೊಳಗೆ ತಂದಿದೀಯಲ್ಲ, ನಿನ್ನ ತಲೆ ನೆಟ್ಟಗಿದೆಯಾ? ಮದುವೆಗೆ ಹೋಗೋ ಹೆಂಗಸು ಚಿತೆ ಹೊದ್ಕೊಂಡು ಹೋಗ್ತಾಳಾ?” ಅಂದಳು. ಆ ದಿನ ಜಾಕೆಟನ್ನು ಹೊರಗಿನ ಹಗ್ಗದ ಮೇಲೆ ಕೂಡ ಒಣಹಾಕಗೊಡಲಿಲ್ಲ.

ಹೀಗಾಗಿ ಒಂದು ಬೆಳಿಗ್ಗೆ ಕನಿತ್ತಾ ಜಾಕೆಟನ್ನು ಚೀಲದಲ್ಲಿ ಮುಚ್ಚಿಕೊಂಡು ಓಣಿಯ ಕೊನೆಗೆ, ಸಂಗುವಾನ್‌ನ ಮನೆಗೆ ಹೋದಳು.

ಸಂಗುವಾನ್ ಎಪ್ಪತ್ತು ದಾಟಿದವ. ಹೊಟ್ಟೆಪಾಡಿಗೆ ಮೂರು ಚಕ್ರದ ಸೈಕಲ್ ರಿಕ್ಷಾ ತುಳಿದು, ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಮನೆಯ ಮುಂದೆ ನಿಲ್ಲಿಸಿ, ಅದರ ಸೀಟಿನಲ್ಲೇ ಕೂತು ತಾಳೆಹಣ್ಣು ಮಾರುತ್ತಾನೆ. ಕೆತ್ತನೆ ಕಲಿತದ್ದು ಚಿಕ್ಕವನಿದ್ದಾಗ, ವಿಹಾರದಲ್ಲಿ ಹಿರಿಯ ಭಿಕ್ಷುವೊಬ್ಬರ ಪಾತ್ರೆ ತೊಳೆದುಕೊಂಡಿದ್ದ ಕಾಲದಲ್ಲಿ. ಸಾವಾದಾಗ ಕರೆಯುತ್ತಾರೆ, ಹೋಗುತ್ತಾನೆ. ಈಗ ಪ್ರತಿ ವಿಹಾರದಲ್ಲೂ ಹೆಣ ಸುಡುವ ಕುಲುಮೆ ಬಂದಿದೆ, ತಗಡಿನ ಸಿಂಗಾರ ಬಾಡಿಗೆಗೆ ಸಿಗುತ್ತದೆ, ಕರೆಯುವವರು ಕಮ್ಮಿ. ಕೂದಲಿಗೆ ಮಾತ್ರ ತಪ್ಪದೆ ಕರಿ ಹಚ್ಚುತ್ತಾನೆ. ಓಣಿಯ ಹೆಂಗಸರು, “ಯಾರಿಗಪ್ಪಾ ಈ ಸಿಂಗಾರ?” ಎಂದರೆ, “ಹೆಣ ಎದ್ದು ನೋಡಿದ್ರೆ ಹೆದ್ರಬಾರ್ದಲ್ಲ” ಅನ್ನುತ್ತಾನೆ.

ಜಾಕೆಟನ್ನು ಅವನು ತೊಡೆಯ ಮೇಲೆ ಹಾಸಿಕೊಂಡು ನೋಡಿದ. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ನಗುತ್ತಿದ್ದ.

“ಏನು ದೊಡ್ಡಪ್ಪ, ಅಷ್ಟು ಕೆಟ್ಟದಾಗಿದೆಯಾ?”

“ಹೊಲಿಗೆ ಚೆನ್ನಾಗಿದೆ ಮಗಾ. ಮನೆ ತಲೆಕೆಳಗಾಗಿದೆ, ಅಷ್ಟೇ. ಇದು ಸೂರಿನ ಹಲ್ಲು. ಇದನ್ನ ಕಾಲ ಹತ್ರ ಇಟ್ಟಿದೀಯ. ಹಾಕ್ಕೊಂಡವಳು ಕೈಮೇಲೆ ನಡೀಬೇಕಾಗುತ್ತೆ.”

ಕನಿತ್ತಾಳ ಕಿವಿ ಬಿಸಿಯಾಯಿತು. ಹುಟ್ಟಿದಾಗಿನಿಂದ ನೋಡಿದ ವಿಹಾರ. ತಳಕ್ಕೆ ಭಾರದ ಪಟ್ಟಿ, ನಡುವಿಗೆ ಪದ್ಮ, ತಲೆಗೆ ಸೂರು. ಚಾವಣಿ ಕಾಲಿಗೆ ಬರಬಾರದೆಂದು ಯಾವ ಮಗುವಿಗಾದರೂ ಗೊತ್ತು. ಫೋನಿನಲ್ಲಿ ಅಂಚನ್ನು ಕತ್ತರಿಸಿ ಬೇರೆ ಮಾಡಿಕೊಂಡಾಗ ಅದು ಬರಿಯ ಅಂಚಾಗಿ ಕಂಡಿತ್ತು, ಯಾವ ಮನೆಯದೆಂಬುದು ಮರೆತೇಹೋಗಿತ್ತು.

“ಹಾಗಾದ್ರೆ ಕುತ್ತಿಗೆ ಸುತ್ತ ಇಡ್ಲಾ?”

“ಕುತ್ತಿಗೆಗೆ ಯಾಕೆ, ಭುಜದ ಮೇಲೆ ಇಳಿಬಿಡು. ಮಳೆ ನೀರು ಎಲ್ಲಿಂದ ಹರಿಯುತ್ತೋ ಅಲ್ಲಿ.” ಇಷ್ಟು ಹೇಳಿ ಜಾಕೆಟನ್ನು ಮಡಚಿಟ್ಟ. ಆಮೇಲೆ ಮೆಲ್ಲಗೆ, “ನಿಮ್ಮವ್ವಂಗೆ ಗೊತ್ತಾ?” ಎಂದು ಕೇಳಿದ.

“ಗೊತ್ತು. ಮನೆಯೊಳಗೆ ತರಬೇಡ ಅಂತಾಳೆ.”

“ನಿಮ್ಮವ್ವ ನಂಗಿಂತ ಚಿಕ್ಕವಳು, ಅವಳಿಗೇನು ಗೊತ್ತು. ನಾನು ಮೊದಲ ಸಲ ಚಾಕು ಹಿಡಿದಿದ್ದು ಸಾವಿಗಲ್ಲ, ಜುಟ್ಟು ತೆಗೆಯೋ ಶಾಸ್ತ್ರಕ್ಕೆ. ಅಕ್ಕಿ ಗಿರಣಿಯವರ ಮಗಳು, ಪುಟ್ಟ ಹುಡುಗಿ. ಬಾಳೆಪಟ್ಟೆ ಮಂಟಪದಲ್ಲಿ ಕೂರ್ಸಿ ಜುಟ್ಟು ಕತ್ತರಿಸಿದ್ರು. ಕೂದಲು ಹೋಯ್ತು ಅಂತ ಅತ್ತಿದ್ದೇ ಅತ್ತಿದ್ದು. ಅಳ್ತಾ ಅಳ್ತಾ ನನ್ನ ಅಂಚಿಂದ ಒಂದು ಹಲ್ಲು ಕಿತ್ತು ಬಾಯಿಗೆ ಹಾಕ್ಕೊಂಡ್ಳು.”

“ಆಮೇಲೆ?”

“ಆಮೇಲೇನು. ದೊಡ್ಡವಳಾದ್ಮೇಲೆ ನನ್ನನ್ನೇ ಮದುವೆಯಾಗಿ ಜೀವಮಾನವೆಲ್ಲ ನನ್ನ ತಲೆ ತಿಂದ್ಳು.” ಅವನು ತಾಳೆಹಣ್ಣಿನ ಮೇಲೆ ಕೂತ ನೊಣ ಓಡಿಸಿದ. “ಈಗ ಯಾರೂ ಜುಟ್ಟು ಬಿಡಲ್ಲ. ಸಾವೊಂದೇ ಉಳಿದಿದೆ. ಅದಕ್ಕೆ ಜನ ಇದನ್ನ ಸಾವಿನ ಅಂಚು ಅಂದ್ಕೊಂಡಿದಾರೆ.”

ಕನಿತ್ತಾ ಪೆನ್ಸಿಲು, ಕಾಗದ ಮುಂದಿಟ್ಟಳು. “ಒಂದು ಮೊಳದಷ್ಟು ಬರ್ಕೊಡಿ ಸಾಕು ದೊಡ್ಡಪ್ಪ. ನಾನು ನೋಡ್ಕೊಂಡು ಕತ್ತರಿಸ್ತೀನಿ.” ಸಂಗುವಾನ್ ಪೆನ್ಸಿಲನ್ನು ಹಿಡಿದ. ಕಾಗದದ ಮೇಲೆ ಒಂದು ಗೆರೆ ಎಳೆದ, ಅದು ಎತ್ತಲೋ ಹೋಯಿತು. ಇನ್ನೊಂದು ಎಳೆದ. ಮೊತ್ ಬರೆದಿದ್ದರೂ ಅದಕ್ಕಿಂತ ನೆಟ್ಟಗಿರುತ್ತಿತ್ತು.

“ಬರಲ್ಲ ಮಗಾ. ನಮ್ಮ ಕೆಲಸದಲ್ಲಿ ಬರೆಯೋದಿಲ್ಲ. ಬರೆದು ಕೂತ್ರೆ ಪಟ್ಟೆ ಬಾಡಿಹೋಗುತ್ತೆ. ಚಾಕು ಒಳಗೆ ಹೋದ್ರೆ ಅದೇ ದಾರಿ ಹುಡುಕ್ಕೊಳ್ಳುತ್ತೆ.”

“ಹಾಗಾದ್ರೆ ಬಟ್ಟೆ ಮೇಲೇ ಚಾಕು ಹಾಕಿ.”

ಅವನು ಅವಳನ್ನು ಒಮ್ಮೆ ನೋಡಿ, “ನೀನು ಗಿರಣಿಯವರ ಮಗಳಿಗಿಂತ ಹಟಮಾರಿ” ಅಂದ.

ಮಾರನೆಯ ದಿನದಿಂದ ಅವನು ಕನಿತ್ತಾಳ ಮನೆಯ ಹಿಂದಿನ ಮಾವಿನ ನೆರಳಿಗೆ ಬರತೊಡಗಿದ. ಅವ್ವ ಒಳಗಿನಿಂದಲೇ ಕೇಳುವಂತೆ ಪಾತ್ರೆ ಕುಕ್ಕಿದಳು. ಆದರೂ ಬಿಸಿಲೇರಿದಾಗ ಮಲ್ಲಿಗೆ ಹಾಕಿದ ತಣ್ಣೀರಿನ ಅನ್ನ, ಹುರಿದ ಸಿಗಡಿ ಉಂಡೆ ತಂದು ಮುಂದಿಟ್ಟಳು. ಬಂದವರನ್ನು ಬರಿಹೊಟ್ಟೆಯಲ್ಲಿ ಬೈಯುವುದು ಅವಳ ಜಾಯಮಾನವಲ್ಲ.

ಬಟ್ಟೆ ಸುಲಭಕ್ಕೆ ಒಗ್ಗಲಿಲ್ಲ. ಬಾಳೆ ಚಾಕುವಿಗೆ ದಾರಿ ಬಿಡುತ್ತದೆ, ಬಟ್ಟೆ ತಕರಾರು ತೆಗೆಯುತ್ತದೆ, ನೂಲು ಎಳೆಯುತ್ತದೆ, ಮಡಚಿಕೊಳ್ಳುತ್ತದೆ. ಕನಿತ್ತಾ ಎರಡು ಪದರ ಹತ್ತಿ ಬಟ್ಟೆಗೆ ಮರಗೆಣಸಿನ ಗಂಜಿ ಹಚ್ಚಿ ಅಂಟಿಸಿದಳು. ಪೂರ್ತಿ ಒಣಗಿದಾಗ ಹಪ್ಪಳದಂತೆ ಮುರಿಯಿತು. ಹಸಿ ಇದ್ದಾಗ ಜಾರಿತು. ಒಂದು ಬೆಳಿಗ್ಗೆ ಅವಳು ಮೊತ್‌ಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿ ಬರುವಷ್ಟರಲ್ಲಿ ನೆರಳಿನಲ್ಲಿಟ್ಟ ಬಟ್ಟೆ ಅರ್ಧ ಒಣಗಿ, ಮುಟ್ಟಿದರೆ ತಣ್ಣಗೆ, ಬಗ್ಗಿಸಿದರೆ ಗಡುಸಾಗಿತ್ತು. ಸಂಗುವಾನ್ ಅದರ ಮೇಲೆ ಹೆಬ್ಬೆರಳು ಒತ್ತಿ, “ಈಗ ಬಾಳೆ ಆಯ್ತು ನೋಡು” ಅಂದ.

ಅವನ ಚಾಕು ತೆಳ್ಳಗಿನದು, ಎರಡೂ ಕಡೆ ಹರಿತ. ಅದನ್ನು ನೆಟ್ಟಗೆ ಚುಚ್ಚಿ, ಎತ್ತಿ, ಇಳಿಸಿ, ತಿರುವುತ್ತ ಹೋದ. ಪಟ್ಟಿಯ ನಡುವೆ ಹಾವು ಸರಿದ ಹಾಗೆ ಒಂದೇ ಸೀಳು. ಬಿಡಿಸಿದರೆ ಎರಡು ಅಂಚು. ಒಂದರ ಹಲ್ಲು ಇನ್ನೊಂದರ ಸಂದಿ, ಒಂದು ಚೂರೂ ಬಟ್ಟೆ ಹಾಳಿಲ್ಲ. ಕಾರ್ಖಾನೆಯ ಮೇಜಿನ ಕೆಳಗೆ ದಿನವೂ ಬುಟ್ಟಿಗಟ್ಟಲೆ ಚಿಂದಿ ಗುಡಿಸಿದ್ದ ಕನಿತ್ತಾ ಆ ಎರಡು ಅಂಚನ್ನು ಮತ್ತೆ ಒಂದರೊಳಗೊಂದು ಕೂಡಿಸಿ ನೋಡಿದಳು. ಆಮೇಲೆ ಅವಳೂ ಸೋಲಲಿಲ್ಲ. “ಕಂಕುಳ ಹತ್ರ ಇಷ್ಟು ಚೂಪು ಬೇಡ ದೊಡ್ಡಪ್ಪ. ನಿಮ್ಮ ಮಂಟಪ ಕೈ ಎತ್ತಲ್ಲ, ನನ್ನ ಗಿರಾಕಿ ಎತ್ತುತ್ತಾಳೆ” ಅಂದಳು. ಅವನು ಗೊಣಗಿದ. ಆದರೂ ಆ ಕಡೆ ಹಲ್ಲುಗಳನ್ನು ಚಪ್ಪಟೆ ಮಾಡಿದ.

ಎಡ ಭುಜದ ಪಟ್ಟಿ ಮುಗಿಯುವಾಗ ಅವನ ಕೈ ಅದುರಿತು. ಒಂದು ಹಲ್ಲು ಪಕ್ಕಕ್ಕೆ ವಾಲಿತು. ಕನಿತ್ತಾ ಗಮನಿಸಿದ್ದೂ ಇಲ್ಲ. ಅವನು ಮಾತ್ರ ಚಾಕು ಒರೆಸಿ, ಬಟ್ಟೆಯಲ್ಲಿ ಸುತ್ತಿ, “ಬರ್ತೀನಿ” ಎಂದು ಎದ್ದುಹೋದ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗಂಜಿ ಹಚ್ಚಿದ ಬಟ್ಟೆ ಒಣಗಿ ಹಪ್ಪಳವಾಯಿತು. ಓಣಿಯಲ್ಲಿ ಮಕ್ಕಳು ಆಗಲೇ ಹಬ್ಬಕ್ಕೆ ನೀರೆರಚುವ ಬಂದೂಕು ಕೊಂಡು ಒಬ್ಬರ ಕಿವಿಗೊಬ್ಬರು ಗುರಿಯಿಡುತ್ತಿದ್ದರು. ಮೊತ್ ಒಂದು ಸಂಜೆ ತಾನಾಗಿಯೇ, “ಹಬ್ಬ ಆದ್ಮೇಲೆ ನೀನು ಹೋಗ್ತೀಯಂತೆ, ಅಜ್ಜಿ ಹೇಳ್ತು” ಎಂದು, ಉತ್ತರಕ್ಕೂ ಕಾಯದೆ ಆಟಕ್ಕೆ ಓಡಿದಳು.



ಮರುದಿನ ಬೆಳಿಗ್ಗೆ ಕನಿತ್ತಾ ಸಂಗುವಾನ್‌ನ ಮನೆಗೆ ಹೋದರೆ ಬೀಗ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ತೀರಿಕೊಂಡಿದ್ದರು, ಅವನು ವಿಹಾರದಲ್ಲಿದ್ದ. ಅಲ್ಲಿ ನೆಲದ ತುಂಬ ಬಾಳೆಪಟ್ಟೆ. ಸಂಗುವಾನ್ ಅವಳನ್ನು ಕಂಡೂ ಕಾಣದವನಂತೆ ಕೆತ್ತುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಪಟ್ಟೆಯ ತುದಿ ಹಿಡಿದುಕೊಂಡಳು. ಬಾಳೆರಸದ ಕರೆ ಅವಳ ಅಂಗಿಗೆ ಸಿಡಿಯಿತು.

ಕೈ ಇಲ್ಲೂ ಅದುರಿತು. ಹಲ್ಲೊಂದು ವಾಲಿತು. ಆದರೆ ಅವನು ನಿಲ್ಲಲಿಲ್ಲ. ಮುಂದಿನ ಹಲ್ಲನ್ನೂ ಒಂದಿಷ್ಟು ವಾಲಿಸಿದ, ಅದರ ಮುಂದಿನದನ್ನು ಇನ್ನೊಂದಿಷ್ಟು, ಆಮೇಲೆ ಮೆಲ್ಲಮೆಲ್ಲಗೆ ನೆಟ್ಟಗೆ ತಂದ. ಗಾಳಿಗೆ ಭತ್ತದ ತೆನೆ ಬಾಗಿ ಎದ್ದ ಹಾಗೆ ಕಂಡಿತು.

“ನಮ್ಮನೇಲಿ ಯಾಕೆ ಹಿಂಗೆ ಮಾಡ್ಲಿಲ್ಲ?” ಕನಿತ್ತಾ ಕೇಳಿದಳು.

“ಅದು ಬೇರೆ.”

“ಏನು ಬೇರೆ? ಅದೇ ಕೈ, ಅದೇ ಚಾಕು.”

ಅವನು ಸ್ವಲ್ಪ ಹೊತ್ತು ಕೆತ್ತಿದ. “ನಿನ್ನ ಮಗಳು ಮೊನ್ನೆ ದಾರೀಲಿ ನಿಲ್ಲಿಸ್ಕೊಂಡು ಕೇಳಿದ್ಳು, ಸುಟ್ಟರೆ ನಿಂಗೆ ಅಳು ಬರಲ್ವಾ ತಾತ ಅಂತ. ನಾನು ನಕ್ಕುಬಿಟ್ಟೆ. ಸುಡುತ್ತೆ ಅಂತಲೇ ಮಗಾ ನಾನು ನೆಮ್ಮದಿಯಾಗಿ ಮಾಡ್ತಾ ಇರೋದು. ಏನು ತಪ್ಪಿದ್ರೂ ಸಂಜೆಗೆ ಹೋಯ್ತು. ಯಾರೂ ಮನೆಗೆ ತಗೊಂಡುಹೋಗಿ, ನಾಳೆ ಬೆಳಕಲ್ಲಿ ಇಟ್ಕೊಂಡು, ಇಲ್ನೋಡು ಸಂಗುವಾನ್ ಕೈ ಬಿದ್ದುಹೋಗಿದೆ ಅನ್ನಲ್ಲ. ನಿನ್ನ ಜಾಕೆಟ್ಟು ಉಳಿಯುತ್ತೆ. ನಾನು ಹೋದ್ಮೇಲೂ ಎಲ್ಲೋ ನೇತಾಡ್ತಾ ಇರುತ್ತೆ.”

ಕನಿತ್ತಾಳಿಗೆ ಅಯ್ಯೋ ಅನ್ನಿಸಿತು. ಜೊತೆಗೇ, ಉಡುಪಿನ ಕೆಲಸದಲ್ಲಿ ಮೈ ಮುರಿದು ದುಡಿದವಳಾದ್ದರಿಂದ, ನಗುವೂ ಬಂತು.

“ಯಾರು ಹೇಳಿದ್ದು ಉಳಿಯುತ್ತೆ ಅಂತ? ಬ್ಯಾಂಕಾಕಿನವರ ಬಟ್ಟೆ ಆಯಸ್ಸು ನಿಮಗೆ ಗೊತ್ತಿಲ್ಲ ದೊಡ್ಡಪ್ಪ. ನಾಲ್ಕು ಸಲ ಒಗೆದ್ರೆ ಬಣ್ಣ ಹೋಗುತ್ತೆ. ಮುಂದಿನ ಮಳೆಗಾಲಕ್ಕೆ ಹೊಸ ನಮೂನೆ ಬರುತ್ತೆ, ಇದನ್ನ ತಂಗಿಗೆ ಕೊಡ್ತಾರೆ. ತಂಗಿ ಕೆಲಸದವಳಿಗೆ ಕೊಡ್ತಾಳೆ. ಅವಳು ಕಾಲೊರೆಸೋಕೆ ಹಾಕ್ತಾಳೆ. ನಿಮ್ಮ ಬಾಳೆಗೆ ಇವತ್ತು ಸಂಜೆ, ನನ್ನ ಜಾಕೆಟ್‌ಗೆ ಇನ್ನೊಂದಿಷ್ಟು ತಡ. ಅಷ್ಟೇ ವ್ಯತ್ಯಾಸ.”

ಸಂಗುವಾನ್ ಚಾಕು ಕೆಳಗಿಟ್ಟ. “ಕಾಲೊರೆಸೋಕಾ?”

“ಕಾಲೊರೆಸೋಕೇ.”

ಅವನು ನಕ್ಕ ನಗುವಿಗೆ ಆಚೆ ಪ್ರಾರ್ಥನೆ ಹೇಳುತ್ತಿದ್ದ ಕಿರಿಯ ಭಿಕ್ಷು ಇತ್ತ ತಿರುಗಿ ನೋಡಿದರು. “ಸೂರನ್ನ ಕಾಲೊರೆಸೋಕೆ ಹಾಕ್ತಾರಂತೆ” ಎಂದು ಸಂಗುವಾನ್ ಶವಪೆಟ್ಟಿಗೆಯ ಮೇಲಿನ ಫೋಟೋದಲ್ಲಿದ್ದ ಮುಖ್ಯೋಪಾಧ್ಯಾಯಿನಿಗೂ ಹೇಳಿದ. ಆಮೇಲೆ ಕಣ್ಣೊರೆಸಿಕೊಂಡು, “ನಾಳೆ ಗಂಜಿ ಹಚ್ಚಿಡು. ಬರ್ತೀನಿ” ಅಂದ.

ಬಂದ. ಎಡ ಭುಜದ ವಾಲಿದ ಹಲ್ಲಿಗೆ ಅಕ್ಕಪಕ್ಕದವನ್ನು ಜೊತೆಗೂಡಿಸಿದ. ಬಲಕ್ಕೂ ಹಾಗೇ ಮಾಡಬೇಕಾಯಿತು. ಭುಜದ ಮೇಲೆ ಸೂರಿನ ಅಂಚು ಇಳಿಬಿದ್ದಿತು, ನಡುವಿಗೆ ಪದ್ಮದ ಪಟ್ಟಿ ಬಂತು, ಕೆಳಗೆ ಏನೂ ಇಲ್ಲದ ಅಗಲ ಬಟ್ಟೆ, ಕಟ್ಟೆಯ ಹಾಗೆ. ಬೆನ್ನ ಬದಿಗಳಿಗೆ ಕನಿತ್ತಾ ತಾನೇ ಒಂದು ಉಪಾಯ ಮಾಡಿದಳು. ವಿಹಾರದ ಕಂಬಗಳ ಮೂಲೆಯನ್ನು ಒಡೆದು ಒಡೆದು ಮೂರು ಮೂಲೆ ಮಾಡಿರುತ್ತಾರೆ, ಅದರಿಂದ ಎಷ್ಟು ದಪ್ಪ ಕಂಬವೂ ಸಣ್ಣಗೆ ಕಾಣುತ್ತದೆ. ಅವಳು ಹಾಗೇ ಮೆಟ್ಟಿಲು ಮೆಟ್ಟಿಲಾಗಿ ನೆರಿಗೆ ಹಿಡಿದಳು. ಸಂಗುವಾನ್ ಅದರ ಸುತ್ತ ಒಂದು ಸುತ್ತು ಬಂದು, “ಇದು ನಂಗೆ ಹೊಳೀತಿರಲಿಲ್ಲ” ಅಂದ. ಅಷ್ಟು ಹೇಳಿದ ಮೇಲೆ ಅವನಿಗೆ ಮುಜುಗರವಾಗಿ ನೀರು ಬೇಕೆಂದು ಒಳಗೆ ಹೋದ.

ಹಬ್ಬಕ್ಕೆ ಇನ್ನೆರಡು ದಿನವಿರುವಾಗ ಅರದಕ್ಕ ಫೋಟೋ ನೋಡಿ ಫೋನ್ ಮಾಡಿದಳು. “ಯಾರು ಕತ್ತರಿಸಿದ್ದು ಇದು? ಯಂತ್ರದ್ದಲ್ಲ.”

“ಅಲ್ಲ ಅಕ್ಕ. ನಮ್ಮೋಣಿ ದೊಡ್ಡಪ್ಪ.”

“ಎಷ್ಟು ಮಾರುತ್ತೋ ಗೊತ್ತಿಲ್ಲ. ಆದ್ರೆ ಇನ್ನೊಬ್ಬರ ಹತ್ರ ಇಲ್ಲ. ನಾಳೆ ಬೆಳಿಗ್ಗೆ ವ್ಯಾನ್‌ಗೆ ಹಾಕಿ ಕಳಿಸು. ಹಬ್ಬ ಆದ್ಮೇಲೆ ಬಟ್ಟೆ ಅಲ್ಲಿಗೇ ಕಳಿಸ್ತೀನಿ. ಆ ನಿಮ್ಮ ದೊಡ್ಡಪ್ಪನ ಕೈ ಎಷ್ಟು ದಿನ ನಡೆಯುತ್ತೆ?”

“ಅದನ್ನ ಕೇಳಬೇಡಿ ಅಕ್ಕ. ನನಗೂ ಕಲಿಸ್ತಾರೆ.” ಕಲಿಸುತ್ತೇನೆಂದು ಅವನು ಹೇಳಿರಲಿಲ್ಲ. ಕೇಳಿದರೆ ಇಲ್ಲ ಎನ್ನಲಾರ ಎಂದು ಅವಳ ಧೈರ್ಯ.

ಫೋನಿಟ್ಟು ಕನಿತ್ತಾ ಅಡುಗೆಮನೆಗೆ ಹೋಗಿ, ತಾಳೆಕಾಯಿ ಸಾರು ಕುದಿಸುತ್ತಿದ್ದ ಅವ್ವನಿಗೆ, “ನಾನು ಹೋಗಲ್ಲ” ಎಂದಳು. ಅವ್ವ ಸೌಟು ತಿರುವುತ್ತಲೇ, “ಹಾಗಾದ್ರೆ ಇನ್ಮೇಲೆ ದಿನಾ ಮಗೂನ ನೀನೇ ಎಬ್ಬಿಸಿ ಶಾಲೆಗೆ ಕಳಿಸು. ನಂಗೆ ಸಾಕಾಗಿದೆ” ಅಂದಳು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಸಂಜೆ ಅವಳೇ ಜಾಕೆಟನ್ನು ಇಸ್ತ್ರಿ ಮಾಡಿದಳು. ಇಸ್ತ್ರಿ ಮಾಡುತ್ತ, “ಕಳಿಸೋದಾದ್ರೆ ಕಳಿಸು. ಈ ಊರಲ್ಲಿ ಮಾತ್ರ ಯಾರೂ ಹಾಕ್ಕೊಂಡು ತಿರುಗೋದು ಬೇಡ. ಜನ ಆಡ್ಕೊಳ್ತಾರೆ” ಎಂದು ಹೇಳಿ, ಒಳಬಾಗಿಲ ಮೊಳೆಗೆ ನೇತುಹಾಕಿದಳು.

ಹೊತ್ತು ಇಳಿಯುವಾಗ ಸಂಗುವಾನ್ ಬಂದ. ಕೂದಲಿಗೆ ಹೊಸದಾಗಿ ಕರಿ ಹಚ್ಚಿದ್ದ, ಕಿವಿಯ ಮೇಲೂ ಒಂದು ಗೆರೆ ತಾಗಿತ್ತು. ಕನಿತ್ತಾ ಸುದ್ದಿ ಹೇಳಿದಳು. ಅವನು ತಲೆಯಾಡಿಸಿದ. ಕಲಿಸುವ ಮಾತಿಗೂ ತಲೆಯಾಡಿಸಿದ. ಕೊಟ್ಟ ನೀರು ಕುಡಿಯಲಿಲ್ಲ. ಮೊಳೆಗೆ ನೇತುಹಾಕಿದ್ದ ಜಾಕೆಟನ್ನೇ ನೋಡುತ್ತಿದ್ದ. ಹೊರಗೆ ಸಂಜೆಯ ಸಂತೆ ಸೇರಿತ್ತು. ಸುಟ್ಟ ಮೀನಿನ ಹೊಗೆ, ಪ್ಲಾಸ್ಟಿಕ್ ಚೀಲದಲ್ಲಿ ಸಾರು ಕಟ್ಟಿಸಿಕೊಂಡು ಹೋಗುವ ಜನ, ಸೇತುವೆಯ ತನಕ ಗಿಜಿಗಿಜಿ.

“ಮಗಾ, ಒಂದು ಉಪಕಾರ ಮಾಡ್ತೀಯಾ?” ಅವನು ಒಳಗಿನ ಅವ್ವನಿಗೆ ಕೇಳದಂತೆ ದನಿ ತಗ್ಗಿಸಿದ. “ಜುಟ್ಟಿನ ಹುಡುಗಿಯಿಂದ ಹಿಡಿದು ಮೊನ್ನೆಯ ಶಾಲೆ ಮೇಡಂ ತನಕ ನಾನು ಮಾಡಿದ್ದೆಲ್ಲ ಕೂತವರಿಗೆ, ಮಲಗಿದವರಿಗೆ. ಈ ಅಂಚು ಅಲ್ಲಾಡಿದ್ದು ನಾನು ನೋಡೇ ಇಲ್ಲ. ನಾಳೆ ವ್ಯಾನ್ ಹತ್ತಿಹೋದ್ರೆ ಮುಂದೂ ನೋಡಲ್ಲ. ಇದನ್ನ ಹಾಕ್ಕೊಂಡು ಸಂತೆ ಒಳಗಿಂದ ಸೇತುವೆ ತನಕ ಒಂದ್ಸಲ ನಡ್ಕೊಂಡು ಹೋಗು. ಬಿರಬಿರನೆ ಬೇಡ, ಮೀನು ಕೊಳ್ಳೋಕೆ ಹೋಗ್ತೀಯಲ್ಲ, ಹಾಗೆ. ನಾನು ಹಿಂದೆ ಹಿಂದೆ ಬರ್ತಿರ್ತೀನಿ.”